ಇನ್ನೂರ ಮೂರನೇ ಮನೆಯ ಬಾಕಿ

ಹೆಗ್ಗದ್ದೆಯಿಂದ ಮೇಲಕ್ಕಿರುವ ಕಾಫಿ ಎಸ್ಟೇಟೊಂದರಲ್ಲಿ ದೇವೇಂದ್ರ ಮೂವತ್ತನಾಲ್ಕು ವರ್ಷ ರೈಟರ್ ಆಗಿದ್ದ. ಹಾಜರಿ, ಕೂಲಿ, ಮುಂಗಡ, ಈ ಮೂರನ್ನೂ ಬರೆದಿಡುವ ಕೆಲಸ. ಅಷ್ಟು ವರ್ಷಗಳಲ್ಲಿ ತನ್ನ ಪುಸ್ತಕದಲ್ಲಿ ಒಂದೇ ಒಂದು ಬಾಕಿ ಮುಳುಗಿಲ್ಲ ಎಂಬುದು ಅವನ ಹೆಮ್ಮೆ. ಈ ಮಾತನ್ನು ಬೇರೆಯವರು ಹೇಳಲಿ ಎಂದು ಕಾಯುವ ಸ್ವಭಾವವೂ ಅವನದಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರಿಗೆ, ಪಲ್ಯ ಬಡಿಸಿ ಮುಗಿಯುವುದರೊಳಗೆ, ತಾನೇ ಹೇಳಿಬಿಡುತ್ತಿದ್ದ.

ಬಾಕಿ ಮುಳುಗದಂತೆ ನೋಡಿಕೊಳ್ಳುವುದು ಹುಡುಗಾಟವಲ್ಲ. ಲೈನಿನ ಜನ, ಅಂದರೆ ಎಸ್ಟೇಟಿನ ಸಾಲುಮನೆಗಳಲ್ಲಿರುವ ಕೂಲಿಯಾಳುಗಳು, ಮಳೆಗಾಲದ ಮುಂಚೆ ಮುಂಗಡ ಇಸಿದುಕೊಳ್ಳುತ್ತಾರೆ. ಅದನ್ನು ವಾರವಾರದ ಕೂಲಿ ಬಟವಾಡೆಯಲ್ಲಿ ಸ್ವಲ್ಪ ಸ್ವಲ್ಪವೇ ಮುರಿದುಕೊಳ್ಳುತ್ತಾ ಹೋಗಬೇಕು. ನಡುವೆ ಒಂದು ಸಂಸಾರ ಪಾತ್ರೆ ಪಗಡ ಕಟ್ಟಿಕೊಂಡು ಹೇಳದೆ ಕೇಳದೆ ಜಾಗ ಖಾಲಿ ಮಾಡಿದರೆ ಮಿಕ್ಕಿದ್ದು ಯಾರ ತಲೆಗೆ? ಬೇರೆ ಎಸ್ಟೇಟುಗಳ ರೈಟರುಗಳು ಇಂಥದ್ದಕ್ಕೆ ಕೆಂಪು ಗೆರೆ ಎಳೆದು ಸುಮ್ಮನಾಗುತ್ತಿದ್ದರು. ದೇವೇಂದ್ರ ಗೆರೆ ಎಳೆಯಲಿಲ್ಲ. ಲೈನ್ ಮನೆ ಖಾಲಿಯಾಯಿತೆಂದರೆ ಅದನ್ನು ಕೇಳಿಕೊಂಡು ಇನ್ನೊಬ್ಬರು ಬಂದೇ ಬರುತ್ತಾರೆ. ಹೋದವರ ಬಾಕಿಯನ್ನು ಬಂದವರ ಹೆಸರಿನ ಮುಂದೆ ಹಸಿರು ಶಾಯಿಯಲ್ಲಿ ಎತ್ತಿ ಬರೆಯುತ್ತಿದ್ದ. "ಬಾಕಿ ಮನುಷ್ಯನ ಮೇಲಿರೋದಿಲ್ಲ, ಮನೆ ಮೇಲಿರ್ತದೆ. ಮನೆ ಹಿಡಿದೋರು ಕಟ್ಟಬೇಕು" ಎಂದು ಅದಕ್ಕೊಂದು ಮಾತನ್ನೂ ಮಾಡಿಟ್ಟುಕೊಂಡಿದ್ದ. ಯಜಮಾನರು ಈ ಏರ್ಪಾಡನ್ನು ಮೆಚ್ಚಿ ಒಂದು ದೀಪಾವಳಿಗೆ ಅವನಿಗೆ ಕೈಗಡಿಯಾರ ಕೊಟ್ಟರು. ಲೈನಿನವರು ಏನು ಕೊಡಬೇಕೆಂದಿದ್ದರೋ, ಅವರನ್ನು ಯಾರೂ ಕೇಳಲಿಲ್ಲ.

ಯಜಮಾನರು ತೀರಿಕೊಂಡ ಮೇಲೆ ಮಕ್ಕಳು ಎಸ್ಟೇಟನ್ನು ರೆಸಾರ್ಟಿನವರಿಗೆ ಮಾರಿದರು. ರೆಸಾರ್ಟಿನವರಿಗೆ ಬೆಟ್ಟ ಬೇಕಿತ್ತು, ಮಂಜು ಬೇಕಿತ್ತು, ರೈಟರ್ ಬೇಕಿರಲಿಲ್ಲ. ಮಾರ್ಚ್ ಮುಗಿಯುವುದರೊಳಗೆ ಕ್ವಾರ್ಟರ್ಸ್ ಬಿಟ್ಟುಕೊಡಬೇಕೆಂದು ಮರ್ಯಾದೆಯಾಗಿಯೇ ಕಾಗದ ಕೊಟ್ಟರು. ದೇವೇಂದ್ರನೂ ಅವನ ಹೆಂಡತಿ ಶೀಲಾಳೂ ಮದುವೆಯಾದಂದಿನಿಂದ ಇದ್ದದ್ದು ಅದೇ ಕ್ವಾರ್ಟರ್ಸಿನಲ್ಲಿ. ಒಬ್ಬಳೇ ಮಗಳನ್ನು ಪಾಳ್ಯದ ಕಡೆಗೆ ಕೊಟ್ಟಿದ್ದರು. ಅಳಿಯನ ಮನೆಯಲ್ಲಿ ಎರಡು ರಾತ್ರಿಗಿಂತ ಹೆಚ್ಚು ಇರುವವಳಲ್ಲ ಶೀಲಾ. ಹಾಗಾಗಿ ಅರವತ್ತನೇ ವಯಸ್ಸಿನಲ್ಲಿ ದೇವೇಂದ್ರ ಜೀವನದಲ್ಲಿ ಮೊದಲ ಸಲ ಮನೆ ಹುಡುಕಲು ಹೊರಟ.

ಸಿಕ್ಕಿತು. ಬಾಳ್ಳುಪೇಟೆಯಲ್ಲಿ, ಹೈವೇಗೆ ಹಿಂದೆ, ಲಾರಿ ಗ್ಯಾರೇಜಿನ ಪಕ್ಕ ಮೂರು ಅಂತಸ್ತಿನ ಗಿರಿಸಿರಿ ಅಪಾರ್ಟ್‌ಮೆಂಟ್. ಹನ್ನೆರಡು ಮನೆ. ಅದರಲ್ಲಿ ಎರಡನೇ ಮಹಡಿಯ ಇನ್ನೂರ ಮೂರು ಎಂಬ ಮನೆ ಬ್ಯಾಂಕಿನ ಹರಾಜಿಗೆ ಬಂದಿತ್ತು. ಅದು ಸುನಿಲ್‌ಕುಮಾರ್ ಎಂಬುವನದು. ಹೋಂಸ್ಟೇಗಳಿಗೆ ಜನ ಸಾಗಿಸಲು ಎರಡು ಮಿನಿ ಬಸ್ ತೆಗೆಯುತ್ತೇನೆಂದು ಮನೆಯನ್ನು ಒತ್ತೆಯಿಟ್ಟು, ಕಂತು ಕಟ್ಟಲಾಗದೆ, ಬಸ್ಸುಗಳ ಸಮೇತ ಕಾಣೆಯಾಗಿದ್ದ. ಬ್ಯಾಂಕು ಮನೆಗೆ ಬೀಗ ಹಾಕಿ ಹರಾಜು ಕೂಗಿತು. ಭವಿಷ್ಯನಿಧಿ, ಗ್ರಾಚ್ಯುಟಿ ಎಲ್ಲ ಸೇರಿಸಿ ದೇವೇಂದ್ರ ಹದಿಮೂರು ಲಕ್ಷದ ನಲವತ್ತು ಸಾವಿರಕ್ಕೆ ಅದನ್ನು ಹಿಡಿದ. ಆಮೇಲೆ ಕೈಯಲ್ಲಿ ಉಳಿದದ್ದು ಒಂದು ಲಕ್ಷದ ಚಿಲ್ಲರೆ. ಮುಂದಿನ ಜೀವನ ಅಷ್ಟರಲ್ಲೇ ನಡೆಯಬೇಕಿತ್ತು.

ಕಣ್ಣು ಮುಚ್ಚಿ ರುಜು ಹಾಕುವ ಜಾತಿಯವನಲ್ಲ ಅವನು. ಹರಾಜಿನ ಷರತ್ತುಗಳು ಇಪ್ಪತ್ತಾರು ಪುಟ ಇದ್ದವು. ಇಪ್ಪತ್ತಾರನ್ನೂ ಓದಿ, ಓದಿದ್ದಕ್ಕೆ ಗುರುತಾಗಿ ಪ್ರತಿ ಪುಟದ ಅಂಚಿಗೂ ಹಸಿರು ಶಾಯಿಯಲ್ಲಿ ಒಂದೊಂದು ಟಿಕ್ ಹಾಕಿದ. ಮನೆ ಹೇಗಿದೆಯೋ ಹಾಗೇ ಕೊಳ್ಳಬೇಕು ಎಂದಿತ್ತು, ಟಿಕ್. ಮನೆಯ ಮೇಲೆ ಬ್ಯಾಂಕಿಗೆ ತಿಳಿದ ಮತ್ತು ತಿಳಿಯದ ಯಾವುದೇ ಬಾಕಿಯಿದ್ದರೂ ಅದು ಕೊಂಡವರದೇ ಎಂದಿತ್ತು ಹತ್ತೊಂಬತ್ತನೇ ಪುಟದಲ್ಲಿ, ಅದಕ್ಕೂ ಟಿಕ್. ಅಷ್ಟೇ ಅಲ್ಲ, ಪಂಚಾಯಿತಿಗೆ ಹೋಗಿ ಸುನಿಲ್‌ಕುಮಾರ್ ಉಳಿಸಿದ್ದ ಕಂದಾಯ ಕಟ್ಟಿದ, ಕರೆಂಟಿನವರ ಹಳೇ ಬಿಲ್ಲು ತೀರಿಸಿದ. ತಿಳಿಯದ ಬಾಕಿಗಳನ್ನೆಲ್ಲ ತಿಳಿದುಕೊಂಡು ತೀರಿಸಿದ ತೃಪ್ತಿಯಲ್ಲಿ ಪೇಟೆಯಲ್ಲಿ ಒಂದು ಮಸಾಲೆದೋಸೆ ತಿಂದ.

ಅವನು ಬಿಟ್ಟದ್ದು ಒಂದೇ. ಬಿಟ್ಟದ್ದಕ್ಕೆ ಅವನನ್ನು ಪೂರಾ ಬೈಯುವಂತೆಯೂ ಇಲ್ಲ. ಎಸ್ಟೇಟಿನಲ್ಲಿ ನೀರು ಬೆಟ್ಟದ ಝರಿಯಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುತ್ತಿತ್ತು. ಸೌದೆ ನೆರಳುಮರದ ಕೊಂಬೆ ಕಡಿದಾಗ ಸಿಗುತ್ತಿತ್ತು. ಅಂಗಳದ ದೀಪ ಸ್ಟೋರಿನ ಕರೆಂಟಿನಿಂದ ಉರಿಯುತ್ತಿತ್ತು. ಗೋಡೆಗೆ ಸುಣ್ಣ ಯಜಮಾನರದು. ಮನೆ ಎಂದರೆ ಬಾಗಿಲಿನಿಂದ ಒಳಗಿನದು, ಹೊರಗಿನದೆಲ್ಲ ಯಜಮಾನರದು ಎಂದು ಮೂವತ್ತನಾಲ್ಕು ವರ್ಷ ಬದುಕಿದವನಿಗೆ ಮೆಟ್ಟಿಲಿಗೂ ತಿಂಗಳು ತಿಂಗಳು ದುಡ್ಡು ಕೊಡಬೇಕೆಂದು ಹೊಳೆಯುವುದಾದರೂ ಹೇಗೆ?

ಮಾರ್ಚ್ ಮೊದಲ ವಾರ ಬೀಗದ ಕೈ ಸಿಕ್ಕಿತು. ಶೀಲಾ ಕುಂಕುಮ, ಹಾಲು, ಹೊಸ ಪಾತ್ರೆ ಹಿಡಿದು ಬಂದಳು. ಬಾಗಿಲು ತೆರೆದು ಅಡುಗೆಮನೆಯ ನಲ್ಲಿ ತಿರುಗಿಸಿದರೆ ಒಂದು ನಿಟ್ಟುಸಿರು ಬಂತೇ ಹೊರತು ನೀರು ಬರಲಿಲ್ಲ. ದೇವೇಂದ್ರ ಕೆಳಗಿಳಿದು ವಿಚಾರಿಸಿದಾಗ ಅಸೋಸಿಯೇಶನ್ನಿನ ಕಾರ್ಯದರ್ಶಿಯನ್ನು ಕಾಣಲು ಹೇಳಿದರು. ಮೊದಲನೇ ಮಹಡಿಯಲ್ಲಿದ್ದ ಮಂಜುಶ್ರೀ ಎಂಬ ಆ ಹೆಂಗಸು ಆಲೂರಿನ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಅವನನ್ನು ಕಂಡ ಕೂಡಲೇ, ನಿಮ್ಮನ್ನ ನೋಡಿದೀನಿ ಅಂದಳು. ಎಲ್ಲಿ ಎಂದು ಹೇಳಲಿಲ್ಲ. ಕುರ್ಚಿ ಕೊಟ್ಟು, ನೋಟ್‌ಬುಕ್ ತೆರೆದು ಲೆಕ್ಕ ಓದಿದಳು.

ತಿಂಗಳಿಗೆ ಸಾವಿರದ ಇನ್ನೂರರಂತೆ ಐವತ್ಮೂರು ತಿಂಗಳ ನಿರ್ವಹಣಾ ಶುಲ್ಕ ಅರವತ್ಮೂರು ಸಾವಿರದ ಆರುನೂರು. ತಾರಸಿ ಸೋರಿದ್ದಕ್ಕೆ ಮಾಡಿಸಿದ ಕೆಲಸದಲ್ಲಿ ಒಂದು ಪಾಲು ಹದಿನೈದು ಸಾವಿರ. ಪಂಪಿನ ಮೋಟಾರು ಸುಟ್ಟಾಗ ಮೂರು ಸಾವಿರದ ನಾನೂರು. ಒಟ್ಟು ಎಂಬತ್ತೆರಡು ಸಾವಿರ. ಅದು ತೀರುವತನಕ ಇನ್ನೂರ ಮೂರಕ್ಕೆ ನೀರಿನ ವಾಲ್ವ್ ತೆರೆಯುವಂತಿಲ್ಲ, ಅದು ಸಭೆಯ ತೀರ್ಮಾನ. ದೇವೇಂದ್ರ ಕೂಡಿದ್ದು ಸರಿಯಿದೆಯೇ ಎಂದು ಮನಸ್ಸಿನಲ್ಲೇ ನೋಡಿಕೊಂಡ. ಸರಿಯಿತ್ತು. ಅವನಿಗೆ ಇನ್ನೂ ಸಿಟ್ಟು ಬಂತು.

ಆ ಐವತ್ಮೂರು ತಿಂಗಳು ತಾನು ಹೆಗ್ಗದ್ದೆಯ ಬೆಟ್ಟದ ಮೇಲಿದ್ದೆ, ಈ ಮೆಟ್ಟಿಲು ಹತ್ತಿರಲಿಲ್ಲ, ಈ ನೀರಲ್ಲಿ ಬಾಯಿ ಮುಕ್ಕಳಿಸಿರಲಿಲ್ಲ ಎಂದು ಅವನು ವಿವರಿಸಿದ. ಅದು ತನಗೂ ಗೊತ್ತು ಎಂದು ಮಂಜುಶ್ರೀ ಶಾಂತವಾಗಿ ಹೇಳಿದಳು.

ಮರುದಿನವೇ ಬ್ಯಾಂಕಿಗೆ ಹೋದ. ಮ್ಯಾನೇಜರು ಕಡತ ತರಿಸಿ, ಹತ್ತೊಂಬತ್ತನೇ ಪುಟ ತೆಗೆದು, ಅವನ ಕಡೆಗೆ ತಿರುಗಿಸಿಟ್ಟರು. ಅಂಚಿನಲ್ಲಿ ಹಸಿರು ಟಿಕ್ಕು ಚೆನ್ನಾಗಿ ಕಾಣುತ್ತಿತ್ತು. ಇಷ್ಟು ಶ್ರದ್ಧೆಯಿಂದ ಓದಿದ ಗ್ರಾಹಕರನ್ನು ತಾವು ನೋಡಿಯೇ ಇರಲಿಲ್ಲ ಎಂದೂ ಅವರು ಹೇಳಿದರು. ಅಲ್ಲಿಂದ ಸಕಲೇಶಪುರದ ವಕೀಲರ ಹತ್ತಿರ ಹೋದ. ವಕೀಲರು ಎಲ್ಲ ಕೇಳಿ, ಅಸೋಸಿಯೇಶನ್ನಿನವರು ಹರಾಜಿನ ದುಡ್ಡಿನಲ್ಲೇ ತಮ್ಮ ಪಾಲು ಕೇಳಬೇಕಿತ್ತು ಎಂದು ವಾದ ಹೂಡಬಹುದು, ಆದರೆ ನೀವು ರುಜು ಮಾಡಿದ್ದೀರಿ ಎಂದು ಅವರೂ ವಾದಿಸಬಹುದು, ನೀವು ಗೆಲ್ಲಲೂಬಹುದು, ಗೆಲ್ಲದೆಯೂ ಇರಬಹುದು, ಐದಾರು ವರ್ಷ ಹಿಡಿಯುತ್ತದೆ ಎಂದರು. ಅಲ್ಲಿಯವರೆಗೆ ನೀರಿಗೆ ಏನು ಮಾಡಲಿ ಎಂದು ದೇವೇಂದ್ರ ಕೇಳಿದ. ಅದು ಕಾನೂನಿನ ಪ್ರಶ್ನೆಯಲ್ಲ ಎಂದು ಹೇಳಿ ವಕೀಲರು ಸಾವಿರ ರೂಪಾಯಿ ತೆಗೆದುಕೊಂಡರು.

ಇತ್ತ ಎಸ್ಟೇಟಿನಲ್ಲಿ ಜೆಸಿಬಿ ಬಂದಿತ್ತು. ಮೊದಲು ಸ್ಟೋರು ಬಿತ್ತು, ಆಮೇಲೆ ಲೈನ್ ಮನೆಗಳು ಒಂದೊಂದಾಗಿ. ಕ್ವಾರ್ಟರ್ಸಿನ ಸರದಿ ಯಾವಾಗ ಎಂದು ಡ್ರೈವರನನ್ನು ಕೇಳಿದರೆ ಒಂದನೇ ತಾರೀಕು ಎಂದ. ಶೀಲಾ ಅಟ್ಟದಿಂದ ಪಾತ್ರೆ ಇಳಿಸಿ ಗೋಣಿಚೀಲಕ್ಕೆ ತುಂಬುವುದನ್ನು ಅರ್ಧಕ್ಕೆ ನಿಲ್ಲಿಸಿದ್ದಳು.

"ನೀರಿಲ್ಲದ ಮನೆಗೆ ನಾ ಕಾಲಿಡಲ್ಲ ಕಣ್ರೀ. ಮೊದ್ಲು ಅದನ್ನ ಏನಾರ ಮಾಡಿ" ಅಂದಳು.

ಮಾರ್ಚ್ ಮುಗಿಯಲು ಒಂದು ವಾರವಿರುವಾಗ, ಭಾನುವಾರ ಬೆಳಿಗ್ಗೆ ಗಿರಿಸಿರಿಯ ಪಾರ್ಕಿಂಗಿನಲ್ಲಿ ಸಭೆ ಕರೆದರು. ಕೆಂಪು ಪ್ಲಾಸ್ಟಿಕ್ ಕುರ್ಚಿಗಳು, ಸ್ಟೀಲ್ ಲೋಟದಲ್ಲಿ ಕಾಫಿ. ಮನೆಗೊಬ್ಬರಂತೆ ಹತ್ತು ಜನ ಬಂದಿದ್ದರು. ಪಂಪಿನ ಪಕ್ಕದಲ್ಲಿ ಬಿಳಿ ಟವೆಲ್ಲು ಹೊದ್ದ ಮುದುಕನೊಬ್ಬ ಕೂತಿದ್ದ. ಅವನು ಮಂಜುಶ್ರೀಯ ಅಪ್ಪ, ಮನೆ ಮನೆಗೆ ಹೋಗಿ ತಿಂಗಳ ದುಡ್ಡು ವಸೂಲು ಮಾಡಿಕೊಡುವವನು ಎಂದು ಯಾರೋ ಹೇಳಿದರು. ದೇವೇಂದ್ರ ಅತ್ತ ಸರಿಯಾಗಿ ನೋಡಲಿಲ್ಲ. ಅವನ ಕೈಯಲ್ಲಿ ಮೂರು ಹಾಳೆಯ ಭಾಷಣವಿತ್ತು.

ಭಾಷಣ ಚೆನ್ನಾಗಿಯೇ ಇತ್ತು. ಸಾಲ ಮಾಡಿದವನು ಸುನಿಲ್‌ಕುಮಾರ್, ಅವನನ್ನು ಹುಡುಕುವುದು ಬಿಟ್ಟು ನನ್ನನ್ನು ಹಿಡಿದಿದ್ದೀರಿ ಎಂದ. ಊಟ ಮಾಡಿದವನು ಎದ್ದು ಹೋದ ಮೇಲೆ ಅದೇ ಮೇಜಿಗೆ ಬಂದು ಕೂತವನ ಕೈಗೆ ಅವನ ಬಿಲ್ಲು ಕೊಡುವ ಹೋಟೆಲು ಬಾಳ್ಳುಪೇಟೆಯಲ್ಲಿ ಯಾವುದಾದರೂ ಇದೆಯೇ ಎಂದು ಕೇಳಿದ. ಕೆಳಮನೆಯ ವಿಶಾಲಮ್ಮ ಹೈವೇ ಪಕ್ಕ ಮೆಸ್ ನಡೆಸುವವಳು. ತನ್ನ ಮೆಸ್ಸಿನಲ್ಲಂತೂ ಹಾಗಿಲ್ಲ ಎಂದು ಒಪ್ಪಿಕೊಂಡಳು. ನಾಲ್ಕಾರು ತಲೆಗಳು ಅಲ್ಲಾಡಿದವು.

ಮಂಜುಶ್ರೀ ಎದ್ದು ನಿಂತು, ಪಂಪಿನ ಬಿಲ್ಲು ಯಾರಿಗೂ ಕಾಯಲಿಲ್ಲ, ಇನ್ನೂರ ಮೂರರ ಪಾಲನ್ನು ಇಷ್ಟು ದಿನ ಉಳಿದ ಹನ್ನೊಂದು ಮನೆಯವರು ಹೊತ್ತಿದ್ದಾರೆ, ಅವರೂ ಸುನಿಲ್‌ಕುಮಾರನ ನೆಂಟರಲ್ಲ ಎಂದಳು. ಅದೂ ಸರಿಯೆಂದು ಅದೇ ತಲೆಗಳು ಅಲ್ಲಾಡಿದವು. ಆದರೂ ಎದುರಿಗೆ ನಿಂತವನು ನರೆತ ಮನುಷ್ಯ. ವಿಶಾಲಮ್ಮನ ಮನಸ್ಸು ಕರಗಿತು. ಅರ್ಧ ಬಿಟ್ಟುಬಿಡೋಣ, ಪಾಪ, ನಲವತ್ತೊಂದು ಸಾವಿರ ಕಟ್ಟಲಿ, ಇವತ್ತೇ ನೀರು ಬಿಡೋಣ ಎಂದಳು. ಬೇಡ ಎನ್ನುವವರು ಯಾರೂ ಕಾಣಲಿಲ್ಲ. ದೇವೇಂದ್ರ ಹಾಳೆ ಮಡಚಿದ. ಸಂಜೆಯೇ ಲಾರಿಗೆ ಹೇಳಬೇಕು ಎಂದುಕೊಂಡ.

ಆಗ ಪಂಪಿನ ಪಕ್ಕದ ಮುದುಕ ಎದ್ದು ನಿಂತ. ಜಗಳಕ್ಕೆ ಎದ್ದವನಂತಿರಲಿಲ್ಲ. ಗೊತ್ತಿಲ್ಲದವರಿಗೆ ದಾರಿ ತೋರಿಸುವವನಂತಿದ್ದ.

"ಅಂಗೆ ಅರ್ಧ ಬುಡೋಕೆ ಬರಕಿಲ್ಲ ಕಣವ್ವ" ಎಂದ ವಿಶಾಲಮ್ಮನಿಗೆ. "ಬಾಕಿ ಮನ್ಸನ ಮೇಲಿರಕಿಲ್ಲ, ಮನೆ ಮೇಲಿರ್ತೈತೆ. ಮನೆ ಹಿಡಿದೋನು ಕಟ್ಬೇಕು. ರೂಲು ಐತೆ. ಇವರೇ ನಂಗೆ ಹೇಳ್ಕೊಟ್ಟಿದ್ದು, ನಮ್ಮ ರೈಟ್ರು. ಬೇಕಾದ್ರೆ ಕೇಳಿ, ಇಲ್ಲೇ ಅವ್ರೆ."

ದೇವೇಂದ್ರನಿಗೆ ಮುಖಕ್ಕಿಂತ ಮೊದಲು ಅಂಕಿ ನೆನಪಾಯಿತು. ಎರಡು ಸಾವಿರದ ಮುನ್ನೂರು. ಆಮೇಲೆ ಮನೆ, ಏಳನೇ ನಂಬರಿನ ಲೈನ್ ಮನೆ. ಕೊನೆಗೆ ಹೆಸರು, ಗಿಡ್ಡಯ್ಯ. ತೊಂಬತ್ತೆಂಟನೇ ಇಸವಿಯ ಜೂನು. ಏಳನೇ ಮನೆಯ ಧರ್ಮ ಎಂಬುವನು ಹೇಳದೆ ಕೇಳದೆ ಹೋಗಿಬಿಟ್ಟಿದ್ದ. ಎರಡು ವಾರ ಕಳೆದು ಅವನ ಭಾವಮೈದ ಗಿಡ್ಡಯ್ಯ ಹೆಂಡತಿಯನ್ನೂ ಮೂರು ವರ್ಷದ ಹೆಣ್ಣುಮಗುವನ್ನೂ ಕರೆದುಕೊಂಡು, ಮಳೆಯಲ್ಲಿ ನೆನೆದು, ಮನೆ ಕೇಳಲು ಆಫೀಸಿನ ಮೆಟ್ಟಿಲ ಕೆಳಗೆ ನಿಂತಿದ್ದ. ಮನೆ ಬೇಕಾದರೆ ಬಾಕಿಯೂ ನಿನ್ನದೇ ಎಂದು ದೇವೇಂದ್ರ ಹೇಳಿದ್ದ. ವಾರಕ್ಕೆ ಹತ್ತು ರೂಪಾಯಿ. ಪ್ರತಿ ಶನಿವಾರ ಬಟವಾಡೆಯಲ್ಲಿ, ಗಿಡ್ಡಯ್ಯ, ಹತ್ತು ಹಿಡಿದಿದೀನಿ ಎನ್ನುವುದು, ಆಯ್ತು ರೈಟ್ರೇ ಎಂದು ಅವನು ಹೇಳುವುದು. ನಾಲ್ಕೂವರೆ ವರ್ಷ. ಆ ಮೂರು ವರ್ಷದ ಮಗುವೇ ಈಗ ನೋಟ್‌ಬುಕ್ ಹಿಡಿದು ಎದುರಿಗೆ ನಿಂತಿತ್ತು.

"ಹೌದಾ ಸಾರ್? ನೀವೇ ಹಂಗೆ ಹೇಳಿದ್ರಾ?" ವಿಶಾಲಮ್ಮ ಕೇಳಿದಳು.

ಇಲ್ಲ ಎನ್ನಬಹುದಿತ್ತು. ಆ ಪುಸ್ತಕಗಳು ಸ್ಟೋರಿನಲ್ಲಿದ್ದವು, ಸ್ಟೋರು ಜೆಸಿಬಿಗೆ ಹೋಗಿತ್ತು. ಮುದುಕನಿಗೆ ಎಲ್ಲೋ ಗಲಿಬಿಲಿಯಾಗಿದೆ ಎಂದರೆ ನಂಬುವವರೂ ಇದ್ದರು. ನಲವತ್ತೊಂದು ಸಾವಿರದ ಪ್ರಶ್ನೆ, ಶೀಲಾಳ ಅರ್ಧ ತುಂಬಿದ ಗೋಣಿಚೀಲದ ಪ್ರಶ್ನೆ. ಆದರೆ ಮೂವತ್ತನಾಲ್ಕು ವರ್ಷ ಪುಸ್ತಕದಲ್ಲಿ ಒಂದು ಸುಳ್ಳು ಅಂಕಿ ಬರೆದವನಲ್ಲ ದೇವೇಂದ್ರ. ಮನುಷ್ಯನಿಗೆ ಇಂಥ ಅಭ್ಯಾಸ ಅಂಟಿಕೊಂಡರೆ ಬೇಕಾದಾಗ ಬಿಡಿಸಿಕೊಳ್ಳಲು ಆಗುವುದಿಲ್ಲ. ಮಂಜುಶ್ರೀ ಅವನನ್ನೇ ನೋಡುತ್ತಿದ್ದಳು. ಮೊದಲ ದಿನದಿಂದಲೂ ಅವಳಿಗೆ ಎಲ್ಲ ಗೊತ್ತಿತ್ತು, ಒಂದು ಮಾತು ಎತ್ತಿರಲಿಲ್ಲ ಎಂಬುದು ಅವನಿಗೆ ಈಗ ಹೊಳೆಯಿತು. ಅವನಿಗೆ ನಾಚಿಕೆಯಾಯಿತು.

"ಹೌದು. ನಾನೇ ಹೇಳಿದ್ದು" ಅಂದ.

ಅರ್ಧ ಬಿಡುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ವಿಶಾಲಮ್ಮ ಕಾಫಿ ಲೋಟಗಳನ್ನು ಕೂಡಿಸತೊಡಗಿದಳು. ಗಿಡ್ಡಯ್ಯ ಮಾತ್ರ ಕೂರದೆ, ಒಟ್ಟಿಗೇ ಕಟ್ಟೋಕೆ ಯಾರ ಕೈಲೂ ಆಗಕಿಲ್ಲ, ತಮಗೂ ರೈಟ್ರು ವಾರದ ಲೆಕ್ಕದಲ್ಲೇ ಮುರಿದುಕೊಂಡಿದ್ದರು, ಅದೂ ರೂಲಿನಲ್ಲಿ ಐತೆ ಎಂದು ಮಗಳಿಗೆ ನೆನಪಿಸಿದ. ಅವನಿಗೆ ಅದು ನಿಜಕ್ಕೂ ಸರ್ಕಾರದ ಕಾನೂನೇ ಆಗಿತ್ತು. ಮಂಜುಶ್ರೀ ನೋಟ್‌ಬುಕ್ಕಿನಲ್ಲಿ ಭಾಗಿಸಿ ನೋಡಿ, ತಿಂಗಳಿಗೆ ಎರಡು ಸಾವಿರದಂತೆ ನಲವತ್ತೊಂದು ತಿಂಗಳು, ಆಯಾ ತಿಂಗಳ ಶುಲ್ಕ ಬೇರೆ, ನೀರು ಇವತ್ತೇ ಬಿಡುತ್ತೇವೆ, ಒಪ್ಪಿಗೆಯೇ ಎಂದು ಕೇಳಿದಳು.

"ಆಯ್ತು" ಎಂದ ದೇವೇಂದ್ರ.

ಗಿಡ್ಡಯ್ಯನೇ ತಾರಸಿಗೆ ಹತ್ತಿ ವಾಲ್ವಿನ ಬೀಗ ತೆಗೆದ. ನಾಲ್ಕು ದಿನ ಬಿಟ್ಟು ಲಾರಿ ಬಂತು. ಶೀಲಾ ಮನೆಗೆ ಬಂದವಳೇ ನಲ್ಲಿ ತಿರುಗಿಸಿ, ಮೊದಲು ಬಂದ ಕೆಂಪು ನೀರನ್ನು ಹೋಗಲು ಬಿಟ್ಟು, ತಿಳಿಯಾದ ಮೇಲೆ ಕೊಡ ಹಿಡಿದಳು. ಅತ್ತ ಒಂದನೇ ತಾರೀಕು ಕ್ವಾರ್ಟರ್ಸು ಬಿತ್ತು. ಇವರು ನೋಡಲು ಹೋಗಲಿಲ್ಲ. ಬಾಳ್ಳುಪೇಟೆಯ ಕಾಫಿ ವ್ಯಾಪಾರಿಯೊಬ್ಬನ ಗೋದಾಮಿನಲ್ಲಿ ದೇವೇಂದ್ರನಿಗೆ ತೂಕ ಬರೆಯುವ ಕೆಲಸ ಸಿಕ್ಕಿತು. ಸಂಬಳದಲ್ಲಿ ಕಂತು ಕಳೆದರೆ ಅಕ್ಕಿಗೆ, ಔಷಧಿಗೆ ಆಗುತ್ತಿತ್ತು, ಮಸಾಲೆದೋಸೆಗೆ ಆಗುತ್ತಿರಲಿಲ್ಲ.

ಏಪ್ರಿಲಿನ ಎರಡನೇ ಭಾನುವಾರ ಗಿಡ್ಡಯ್ಯ ರಸೀದಿ ಪುಸ್ತಕ ಹಿಡಿದು ಮೇಲೆ ಬಂದ. ಬಾಗಿಲು ತೆರೆದಿತ್ತು. ಅವನು ಹೊಸಿಲಿಗೆ ಒಂದಡಿ ಈಚೆಗೇ ನಿಂತು ಕೆಮ್ಮಿದ. ಎಸ್ಟೇಟಿನಲ್ಲೂ ಹಾಗೇ ನಿಲ್ಲುತ್ತಿದ್ದ, ಮೆಟ್ಟಿಲ ಕೆಳಗೆ. ಒಳಗೆ ಬಾ ಎಂದು ದೇವೇಂದ್ರ ಅವನಿಗೆ ಒಂದು ದಿನವೂ ಹೇಳಿದ್ದಿಲ್ಲ, ಈಗಲೂ ದುಡ್ಡು ತರಲೆಂದು ಎದ್ದು ಒಳಗೆ ಹೋದ. ಶೀಲಾಳೇ ಕರೆದು ಕುರ್ಚಿ ಎಳೆದುಕೊಟ್ಟಳು. ಗಿಡ್ಡಯ್ಯ ಕುರ್ಚಿಯ ಅಂಚಿನಲ್ಲಿ ಕೂತು, ಕಾಫಿ ಕುಡಿದು, ದುಡ್ಡಿಗೆ ಕೈ ಚಾಚಿದ.

ಆ ತಿಂಗಳ ಶುಲ್ಕವನ್ನು ಶೀಲಾ ಮೊದಲೇ ಕೊಟ್ಟಾಗಿತ್ತು. ಕಂತು ಎರಡು ಸಾವಿರ. ದೇವೇಂದ್ರ ಕೊಟ್ಟ ಕಟ್ಟನ್ನು ಗಿಡ್ಡಯ್ಯ ಎರಡು ಸಲ ಎಣಿಸಿದ. ನಾಲ್ಕು ಸಾವಿರದ ಮುನ್ನೂರು ಇತ್ತು.

"ಜಾಸ್ತಿ ಐತಲ್ಲ ರೈಟ್ರೇ."

"ಎರಡು ಸಾವಿರದ ಮುನ್ನೂರು ನಿಂದು. ತೊಂಬತ್ತೆಂಟರದು. ನಾನು ಹಿಡ್ಕೋಬಾರದಿತ್ತು."

ಗಿಡ್ಡಯ್ಯನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಬೇಡವೆಂದು ತಲೆಯಾಡಿಸಿದ. ಅದು ಎಂದೋ ತೀರಿದ ಲೆಕ್ಕ, ಬಾಕಿ ಇಲ್ಲ ಎಂದು ನೀವೇ ಹಸಿರು ಶಾಯಿಯಲ್ಲಿ ಬರೆದುಕೊಟ್ಟ ಚೀಟಿ ಇವತ್ತಿಗೂ ಟ್ರಂಕಿನಲ್ಲಿದೆ, ಬೇಕಾದರೆ ತೋರಿಸುತ್ತೇನೆ ಎಂದ. ಮೇಲಾಗಿ ಆ ಮುಂಗಡ ತಿಂದವನು ತಾನಲ್ಲ, ತನ್ನ ಭಾವ ಧರ್ಮ. ತನ್ನದಲ್ಲದ ಸಾಲದ ದುಡ್ಡನ್ನು ತಾನು ವಾಪಸ್ಸು ಇಸಿದುಕೊಳ್ಳುವುದು ಯಾವ ಲೆಕ್ಕ?

"ನಿಂದಲ್ಲ ಅಂತ ಗೊತ್ತಿತ್ತಲ್ಲ ಮಾರಾಯ. ಆವತ್ತೇ ಯಾಕೆ ಹೇಳ್ಲಿಲ್ಲ?" ದೇವೇಂದ್ರನ ದನಿ ಅವನಿಗೇ ಗುರುತು ಸಿಗದಷ್ಟು ಇಳಿದಿತ್ತು. "ಒಂದು ಮಾತು ಕೇಳಬಹುದಿತ್ತು. ನಾಲ್ಕೂವರೆ ವರ್ಷ ಕಟ್ಟಿದ್ಯಲ್ಲ."

ಗಿಡ್ಡಯ್ಯ ಅವನನ್ನು ನೋಡಿದ. ಆಮೇಲೆ ಇನ್ನೂರ ಮೂರನೇ ಮನೆಯ ಗೋಡೆಗಳನ್ನು, ಕಿಟಕಿಯನ್ನು, ಅಡುಗೆಮನೆಯಲ್ಲಿ ಕೊಡಕ್ಕೆ ನೀರು ಹಿಡಿಯುತ್ತಿದ್ದ ಶೀಲಾಳನ್ನು ನೋಡಿದ.

"ಮನೆ ಬೇಕಿತ್ತಲ್ಲ ರೈಟ್ರೇ" ಅಂದ.

ಅಷ್ಟು ಹೇಳಿ, ದುಡ್ಡು ಹೇಗೂ ಎಣಿಸಿಯಾಗಿದೆ, ಪೂರಾ ಕಂತಿಗೇ ಜಮಾ ಮಾಡುತ್ತೇನೆ ಎಂದು ರಸೀದಿ ಪುಸ್ತಕ ತೆರೆದ. ನಾಲ್ಕು ಸಾವಿರದ ಮುನ್ನೂರು ಎಂದು ಒಂದೊಂದೇ ಅಂಕಿಯನ್ನು ಒತ್ತಿ ಬರೆದು, ರುಜು ಮಾಡಿ, ಹಾಳೆ ಹರಿದು ಕೊಟ್ಟ. ಜೋಪಾನವಾಗಿ ಮಡೀಕಳಿ, ತೀರಿದ ಮೇಲೂ ಬೇಕಾಯ್ತದೆ ಎಂದು ಬುದ್ಧಿ ಹೇಳಿ, ಇನ್ನೂರ ನಾಲ್ಕರ ಬಾಗಿಲಿಗೆ ಹೋದ. ದೇವೇಂದ್ರ ರಸೀದಿಯನ್ನು ಹಿಡಿದುಕೊಂಡು, ಅದನ್ನು ಇಡಲು ಟ್ರಂಕು ಎಲ್ಲಿದೆ ಎಂದು ಶೀಲಾಳನ್ನು ಕೇಳಿದ.